1ರಿಂದ 9ರ ಟೈಲ್ ಪಜಲ್ ಮಾಡ್ತಿದೀನಿ, ಲೆವೆಲ್‌ಗಳನ್ನ ಹೆಂಗೆ ಕಟ್ಟೋದು?

ಮಗ್ಗಿಮನೆ:
ಎಲ್ರಿಗೂ ನಮಸ್ಕಾರ. ಆರು-ಏಳನೇ ಕ್ಲಾಸ್ ಮಕ್ಕಳಿಗೆ ಅಂತ ಮೊಬೈಲ್‌ನಲ್ಲಿ ಆಡೋ ಒಂದು ಪಜಲ್ ಮಾಡ್ತಿದೀನಿ. 1ರಿಂದ 9ರವರೆಗೆ ಒಂಬತ್ತು ಟೈಲ್, ಒಂದೊಂದನ್ನೂ ಒಂದೇ ಸಲ ಬಳಸಿ ಎಡದಿಂದ ಜೋಡಿಸ್ತಾ ಹೋಗ್ಬೇಕು, ಮೊದಲ ಎರಡು ಅಂಕಿ ಸೇರಿದ್ರೆ 2ರಿಂದ ಭಾಗ ಹೋಗ್ಬೇಕು, ಮೊದಲ ಮೂರು 3ರಿಂದ, ಹಿಂಗೇ 9ರವರೆಗೂ. ತೊಂದರೆ ಏನಂದ್ರೆ ಇದಕ್ಕಿರೋದು ಒಂದೇ ಉತ್ತರ, 381654729. ಒಬ್ರು ಬಿಡಿಸಿ ವಾಟ್ಸಾಪ್‌ನಲ್ಲಿ ಹಾಕಿದ್ರೆ ಮುಗೀತು. ಮಕ್ಕಳೂ ಯೋಚನೆ ಮಾಡದೆ ಸುಮ್ನೆ ಟೈಲ್ ಅದಲು ಬದಲು ಮಾಡ್ತಾ ಕೂತ್ಕೋತಾರೆ. ಏನ್ ಮಾಡ್ಬಹುದು?

ಲೆಕ್ಕದಮೇಷ್ಟ್ರು:
ದಯವಿಟ್ಟು ಒಂಬತ್ತರದ್ದನ್ನ ತೆಗೀಬೇಡಿ ಸರ್, ಕೊನೇ ಲೆವೆಲ್‌ಗೆ ಇಡಿ. ಮೊದಲು 1ರಿಂದ 6 ಮಾತ್ರ ಕೊಡಿ, ಅದಕ್ಕೆ ಎರಡು ಉತ್ತರ ಇದೆ, 123654 ಮತ್ತೆ 321654, ಒಂದು ಸಿಕ್ಕಿದವರಿಗೆ ಇನ್ನೊಂದು ಹುಡುಕೋ ಆಸೆ ಬಂದೇ ಬರುತ್ತೆ.
ಒಂಬತ್ತರದ್ದರಲ್ಲಿ ಊಹೆ ಮಾಡೋ ಅಗತ್ಯ ತುಂಬಾ ಕಮ್ಮಿ. ಸೊನ್ನೆ ಇಲ್ಲ, ಹಾಗಾಗಿ ಐದನೇ ಜಾಗದಲ್ಲಿ 5 ಬಿಟ್ರೆ ಬೇರೆ ಕೂರಲ್ಲ. ಎರಡು, ನಾಲ್ಕು, ಆರು, ಎಂಟನೇ ಜಾಗಕ್ಕೆ ಸಮ ಅಂಕಿಗಳು, ಉಳಿದಿದ್ದು ಬೆಸ. ನಾಲ್ಕನೇದರ ಹಿಂದೆ ಬೆಸ ಇರೋದ್ರಿಂದ ಅಲ್ಲಿ 2 ಇಲ್ಲಾ 6 ಮಾತ್ರ. ಮೊದಲ ಮೂರೂ, ಮೊದಲ ಆರೂ 3ರಿಂದ ಭಾಗ ಹೋಗ್ಬೇಕಲ್ಲ, ಅಂದ್ರೆ ಮಧ್ಯದ ಮೂರು ಅಂಕಿ ಕೂಡಿದ್ರೂ 3ರಿಂದ ಹೋಗ್ಬೇಕು, ಆಗ ಉಳಿಯೋದು 258 ಅಥವಾ 654 ಅಷ್ಟೇ! ಈ ಖುಷಿ ಮಕ್ಕಳಿಗೇ ಸಿಗ್ಲಿ, ಹಿಂಟ್ ಬಟನ್‌ನಲ್ಲಿ ಅಂಕಿ ತೋರಿಸ್ಬೇಡಿ, "ಐದನೇ ಜಾಗ ನೋಡು" ಅಂತ ಜಾಗ ಮಾತ್ರ ತೋರಿಸಿ.

ಕೋಡ್‌ಕಟ್ಟೆ:
ತಪ್ಪಾದಾಗ ಕೆಂಪು ಬಣ್ಣ ಬೇಡ, ಶೇಷ ತೋರಿಸಿ. 381654 ಆದ್ಮೇಲೆ ಮಗು 9 ಇಟ್ಟಿತು ಅನ್ಕೊಳ್ಳಿ, 7ರಿಂದ ಭಾಗಿಸಿದ್ರೆ ಶೇಷ 2 ಅಂತ ಕಾಣುತ್ತೆ, ಓ ಎರಡು ಜಾಸ್ತಿ ಆಯ್ತು, 7 ಇಡೋಣ ಅಂತ ತಾನೇ ಹೊಳೆಯುತ್ತೆ. ಅದಲು ಬದಲು ಆಟ ಅಲ್ಲಿಗೇ ನಿಲ್ಲುತ್ತೆ.
ಉತ್ತರ ಲೀಕ್ ಆಗೋದಕ್ಕೆ ಇನ್ನೊಂದು ಮೋಡ್ ಮಾಡಿ: ಸೊನ್ನೆನೂ ಸೇರಿಸಿ, ಅಂಕಿ ಎಷ್ಟು ಸಲ ಬೇಕಾದ್ರೂ ಬರ್ಲಿ, ಎಷ್ಟು ಉದ್ದ ಹೋಗ್ತೀರ ಅನ್ನೋದೇ ಸ್ಕೋರ್. ಹತ್ತು ಅಂಕಿವರೆಗೆ ಯಾರೂ ಸಿಕ್ಕಿಹಾಕ್ಕೊಳ್ಳಲ್ಲ, ಹತ್ತು ಅಂಕಿಗಳಲ್ಲಿ ಒಂದಾದ್ರೂ ಹೊಂದೇ ಹೊಂದುತ್ತೆ, ಹನ್ನೊಂದರಿಂದ ಶುರು ನೋಡಿ ಕಷ್ಟ. ಅತೀ ಉದ್ದದ್ದು 25 ಅಂಕಿ, ಅಂಥದ್ದು ಇರೋದು ಒಂದೇ: 3608528850368400786036725. ಜಾವಾಸ್ಕ್ರಿಪ್ಟ್‌ನಲ್ಲಿ ಕೋಡ್ ಬರೀತಿದ್ರೆ ಬಿಗ್‌ಇಂಟ್ (ಎಷ್ಟೇ ದೊಡ್ಡ ಪೂರ್ಣಾಂಕ ಆದ್ರೂ ಸರಿಯಾಗಿ ಇಟ್ಕೊಳ್ಳೋ ಬಗೆ) ಬಳಸಿ, 9007199254740991 ದಾಟಿದ್ರೆ ಮಾಮೂಲಿ ನಂಬರ್ ನಂಬೋ ಹಾಗಿಲ್ಲ, ಶೇಷ ತಪ್ಪು ತೋರಿಸುತ್ತೆ.

ಮಗ್ಗಿಮನೆ:
ಶೇಷದ ಐಡಿಯಾ ಸೂಪರ್, ಇವತ್ತೇ ಹಾಕ್ತೀನಿ. ಮೇಷ್ಟ್ರೇ, 7ರ ರೂಲ್ ಮಕ್ಕಳಿಗೆ ಬಾಯಲ್ಲೇ ಮಾಡೋಕಾಗುತ್ತಾ?

ಲೆಕ್ಕದಮೇಷ್ಟ್ರು:
ಆಗುತ್ತೆ. ಹಿಂದಿನಿಂದ ಮೂರು ಮೂರು ಅಂಕಿ ಗುಂಪು ಮಾಡಿ, 3 816 547. ಈಗ 547 ಮತ್ತೆ 3 ಕೂಡಿ, 550. 816ರಲ್ಲಿ 550 ಕಳೆದ್ರೆ 266, ಅದು 7 ಸಲ 38. 7, 11, 13 ಗುಣಿಸಿದ್ರೆ 1001 ಬರುತ್ತಲ್ಲ, ಅದಕ್ಕೇ ಇದು ನಡೆಯೋದು, 11ಕ್ಕೂ 13ಕ್ಕೂ ಇದೇ ಸಾಕು, ನಿಮ್ಮ ಉದ್ದದ ಮೋಡ್‌ಗೆ ಬೇಕಾಗುತ್ತೆ.