ಘಾಟಿ ಹತ್ತುವಾಗ ಮಿಟುಕುವ ಚೆಕ್ ಎಂಜಿನ್ ಲೈಟ್: ಪಿ0303 ಮತ್ತು ಪಿ0420

ಪ್ರಶ್ನೆ (ಕುಮಟಾ): ನಮಸ್ಕಾರ ಅಣ್ಣ. ನಮ್ಮದು 2014ರ ಪೆಟ್ರೋಲ್ ಗಾಡಿ, 4 ಸಿಲಿಂಡರ್. ವಾರಕ್ಕೆ ಎರಡು ಸಲ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗಿಬರ್ತೇನೆ. ಮಳೆಗಾಲ ಶುರುವಾದ ಮೇಲೆ ಏರಿನಲ್ಲಿ ಎಂಜಿನ್ ನಡುಗ್ತದೆ, ಚೆಕ್ ಎಂಜಿನ್ ಲೈಟ್ ಮಿಟುಕ್ತದೆ. ಸಪಾಟು ರಸ್ತೆಗೆ ಬಂದರೆ ಮಿಟುಕೋದು ನಿಂತು ಸುಮ್ಮನೆ ಉರೀತಾ ಇರ್ತದೆ. ಬ್ಲೂಟೂತ್ ಸ್ಕ್ಯಾನರ್ ತರಿಸಿ ನೋಡಿದರೆ ಪಿ0303, ಪಿ0420. ಗ್ಯಾರೇಜಿನವರು ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕು ಅಂದರು. ರೇಟು ಕೇಳಿ ಕೈಕಾಲು ತಣ್ಣಗಾಯ್ತು. ಮನೆಯಲ್ಲೇ ಏನಾದರೂ ನೋಡಬಹುದಾ?

ಉತ್ತರ: ಕನ್ವರ್ಟರಿಗೆ ಈಗಲೇ ದುಡ್ಡು ಹಾಕಬೇಡಿ. ಪಿ0303 ಅಂದರೆ 3ನೇ ಸಿಲಿಂಡರ್ ಮಿಸ್ ಹೊಡೀತಿದೆ, ಅಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ. ಪಿ0420 ಅಂದರೆ ಕನ್ವರ್ಟರ್ ಹೊಗೆಯನ್ನು ಸಾಕಷ್ಟು ಶುದ್ಧ ಮಾಡ್ತಿಲ್ಲ ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಕಂಡಿದೆ. ಮಿಸ್ ಹೊಡೆದಾಗ ಸುಡದೇ ಉಳಿದ ಪೆಟ್ರೋಲ್ ಸೀದಾ ಕನ್ವರ್ಟರಿಗೆ ಹೋಗಿ ಅಲ್ಲಿ ಉರೀತದೆ, ಅದು ಮಿತಿಮೀರಿ ಕಾಯ್ತದೆ. ಹಾಗಾಗಿ ಎರಡನೇ ಕೋಡಿಗೆ ಮೊದಲನೆಯದೇ ಕಾರಣ ಇರಬಹುದು. ಮಿಸ್ ಸರಿಮಾಡದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಹಾಳಾಗ್ತದೆ. ಲೈಟ್ ಮಿಟುಕೋದು ಇದೇ ಎಚ್ಚರಿಕೆಗೆ. ಆಗ ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿ, ನಿಲ್ಲದಿದ್ದರೆ ಬದಿಗೆ ಹಾಕಿ. ಅದೇ ಸ್ಥಿತಿಯಲ್ಲಿ ಘಾಟಿ ಪೂರ್ತಿ ಹತ್ತಿಸಬೇಡಿ.

ಮೊದಲು ಸ್ಕ್ಯಾನರಿನಲ್ಲಿ ‘ಫ್ರೀಜ್ ಫ್ರೇಮ್’ ತೆಗೆದು ಫೋಟೋ ಹೊಡೆದಿಡಿ. ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಎಷ್ಟು ಆರ್‌ಪಿಎಂ, ಎಷ್ಟು ಲೋಡ್, ಎಷ್ಟು ಬಿಸಿ ಇತ್ತು ಅನ್ನೋದು ಅದರಲ್ಲಿರ್ತದೆ. ಕೋಡ್ ಅಳಿಸಿದರೆ ಅದೂ ಹೋಗ್ತದೆ.

ನಿಮ್ಮ ಗಾಡಿಯಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಬೇರೆ ಬೇರೆ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೋದು) ಇದ್ದರೆ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಎಂಜಿನ್ ತಣ್ಣಗಾದ ಮೇಲೆ 3ನೇ ಸಿಲಿಂಡರಿನ ಕಾಯಿಲ್ ಬಿಚ್ಚಿ 1ನೆಯದಕ್ಕೆ, ಅಲ್ಲಿಯದನ್ನು ಇಲ್ಲಿಗೆ ಹಾಕಿ. ಸಾಮಾನ್ಯವಾಗಿ ಬೆಲ್ಟ್ ಇರುವ ಕಡೆಯಿಂದ 1 ಅಂತ ಎಣಿಸ್ತಾರೆ. ಕೋಡ್ ಅಳಿಸಿ ಓಡಿಸಿ. ಈಗ ಪಿ0301 ಬಂದರೆ ಕಾಯಿಲೇ ಹೋಗಿದೆ. ಪಿ0303 ಅಲ್ಲೇ ಉಳಿದರೆ ಪ್ಲಗ್ಗುಗಳನ್ನೂ ಹೀಗೇ ಅದಲುಬದಲು ಮಾಡಿ. ಆಮೇಲೂ ಅಲ್ಲೇ ಇದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಶನ್, ಅದು ಗ್ಯಾರೇಜಿನ ಕೆಲಸ.

ಕಾಯಿಲ್ ಬಿಚ್ಚಿದಾಗ ಪ್ಲಗ್ ಕೂರುವ ಗುಂಡಿಗೆ ಟಾರ್ಚ್ ಬಿಡಿ. ನೀರು ಅಥವಾ ಎಣ್ಣೆ ನಿಂತಿದ್ದರೆ ಒರೆಸಿ ತೆಗೀರಿ. ಎಣ್ಣೆ ಇದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ಟೂ ಬದಲಿಸಬೇಕು. ಕನೆಕ್ಟರಿನ ಪಿನ್ ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅಲ್ಲಿ ಹಸಿರು ಕಿಲುಬು ಹಿಡಿಯೋದು ತೀರಾ ಮಾಮೂಲು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಕೂರಿಸಿ. ಕಾಯಿಲ್ ಚೆನ್ನಾಗಿದ್ದೂ ಈ ಕಿಲುಬಿನಿಂದಲೇ ಮಿಸ್ ಹೊಡೆದ ಗಾಡಿಗಳು ನನ್ನ ಕೈಗೆ ಎಷ್ಟೋ ಬಂದಿವೆ.

ಪ್ರಶ್ನೆ (ಕಾರವಾರ): ನನ್ನದು 2006ರ ಗಾಡಿ. ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಸಾಕೆಟ್ ಇದೆ, ಆದರೆ ಸ್ಕ್ಯಾನರ್ ಅಡಾಪ್ಟರ್ ಕನೆಕ್ಟ್ ಆಗೋದೇ ಇಲ್ಲ.

ಉತ್ತರ: ನಮ್ಮ ದೇಶದಲ್ಲಿ ಓಬಿಡಿ (ಗಾಡಿಯೇ ತನ್ನ ದೋಷ ಪತ್ತೆಮಾಡಿ ಕೋಡ್ ಹಾಕುವ ವ್ಯವಸ್ಥೆ) ಕಡ್ಡಾಯ ಆಗಿದ್ದು 2010ರ ಏಪ್ರಿಲ್‌ನಿಂದ, ಎರಡನೇ ಹಂತ 2013ರಿಂದ. ಅದಕ್ಕಿಂತ ಹಳೆಯ ಗಾಡಿಗಳಲ್ಲಿ ಸಾಕೆಟ್ ಇದ್ದರೂ ಒಳಗಿನ ಭಾಷೆ ಬೇರೆ ಇರಬಹುದು. ಅಗ್ಗದ ನಕಲಿ ಅಡಾಪ್ಟರುಗಳಲ್ಲಿ ಕೆಲವಕ್ಕೆ ಹಳೆಯ ಪ್ರೋಟೊಕಾಲ್ ಬರೋದಿಲ್ಲ. ಅಡಾಪ್ಟರಿನ ದೀಪವೇ ಹೊತ್ತದಿದ್ದರೆ ಮಾತ್ರ ಫ್ಯೂಸ್ ನೋಡಿ. 16ನೇ ಪಿನ್ನಿಗೆ ಬ್ಯಾಟರಿಯ ಕರೆಂಟ್ ಬರಬೇಕು.

ಪ್ರಶ್ನೆ (ಶಿರಸಿ): ನಮ್ಮ ಗಾಡಿಗೆ ಪಿ0113 ಬಂದಿದೆ. ಸೆನ್ಸರ್ ತರಿಸಲಾ? ಗಾಡಿ ಅಡಿಕೆ ಅಟ್ಟದ ಕೆಳಗೆ ನಿಲ್ಲಿಸ್ತೇವೆ.

ಉತ್ತರ: ಪಿ0113 ಅಂದರೆ ಒಳಗೆ ಬರುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ಸರ್ಕ್ಯೂಟಿನ ದೋಷ. ತರಿಸುವ ಮೊದಲು ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ, ಕೀ ಮಾತ್ರ ಆನ್ ಮಾಡಿ ಒಳಗೆ ಬರುವ ಗಾಳಿಯ ಉಷ್ಣತೆ ಓದಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದೂ ಕೂಲಂಟಿನ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿಯದ್ದು ಮೈನಸ್ 40 ಡಿಗ್ರಿ ತೋರಿಸಿದರೆ ಸೆನ್ಸರಿನ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ. ಅಟ್ಟದ ಕೆಳಗೆ ಅಂದಿರಲ್ಲ, ಇಲಿ ವಯರ್ ಕಡಿದಿದೆಯಾ ಅಂತ ಮೊದಲು ನೋಡಿ. ಏರ್ ಫಿಲ್ಟರ್ ಡಬ್ಬಿಯನ್ನೂ ತೆಗೆದು ನೋಡಿ, ಅಲ್ಲೇ ಗೂಡು ಕಟ್ಟಿರ್ತವೆ. ವಯರ್ ಕಡಿದಿದ್ದರೆ ಬೆಸುಗೆ ಹಾಕಿಸಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಬರೀ ತಿರುಚಿ ಟೇಪ್ ಸುತ್ತಿದರೆ ಮಲೆನಾಡಿನ ಮಳೆಗೆ ನಿಲ್ಲೋದಿಲ್ಲ.

ಪ್ರಶ್ನೆ (ಕುಮಟಾ, ಮತ್ತೆ): ಅಣ್ಣ, ಕಾಯಿಲ್ ಅದಲುಬದಲು ಮಾಡಿದೆ. ಪಿ0301 ಬಂತು! ಪಿನ್ನಿನಲ್ಲಿ ಕಿಲುಬು ಇರಲಿಲ್ಲ. ಹೊಸ ಕಾಯಿಲ್ ಹಾಕಿ ನಿನ್ನೆ ಘಾಟಿ ಹತ್ತಿದೆ, ನಡುಕ ಇಲ್ಲ. ಪಿ0420 ಏನು ಮಾಡಲಿ?

ಉತ್ತರ: ತುಂಬಾ ಖುಷಿಯಾಯ್ತು. ಈಗ ಕೋಡ್ ಅಳಿಸಿ ಒಂದೆರಡು ವಾರ ಎಂದಿನಂತೆ ಓಡಿಸಿ. ಪಿ0420 ಮತ್ತೆ ಬಂದರೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು, ಕನ್ವರ್ಟರಿನ ಹಿಂದಿರುವ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ಗ್ರಾಫ್ ನೋಡಿ. ಗೆರೆ ಅರ್ಧ ವೋಲ್ಟಿನ ಮೇಲೆ ಬಹುಮಟ್ಟಿಗೆ ನೆಟ್ಟಗಿದ್ದರೆ ಕನ್ವರ್ಟರ್ ಇನ್ನೂ ಕೆಲಸ ಮಾಡ್ತಿದೆ. ಮೇಲೆ ಕೆಳಗೆ ಪದೇಪದೇ ಜಿಗೀತಿದ್ದರೆ ಸೈಲೆನ್ಸರಿನ ಜಾಯಿಂಟಿನಲ್ಲಿ ಲೀಕ್ ಇದೆಯಾ ಅಂತ ಮೊದಲು ನೋಡಿಸಿ, ಇಲ್ಲದಿದ್ದರೆ ಮಾತ್ರ ಕನ್ವರ್ಟರಿನ ಮಾತು. ಗ್ರಾಫಿನ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ನೋಡಿ ಹೇಳ್ತೇನೆ.