ತುಕ್ಕು, ಜಂಗು, ಕಿಲುಬು: ಹವಳದ ತೊಟ್ಟಿಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ. ಲೋಹ ಕಣ್ಣಿಗೆ ಕಾಣದ ಹಾಗೆ ಸ್ವಲ್ಪ ಸ್ವಲ್ಪ ನೀರಿಗೆ ಸೇರುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ?

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನ ತಮ್ಮ ಮನೆಯಲ್ಲೇ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ, ಜೀವಂತ ಹವಳ ಇರುವಂಥದ್ದು. ತಾನು ಊರಲ್ಲಿ ಇಲ್ಲದಾಗ ನೋಡಿಕೊಳ್ಳುವವರಿಗೆ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡು ಅಂದ. ‘ತುಕ್ಕು ಹಿಡಿಯುವ ವಸ್ತು ನೀರಿಗೆ ಹಾಕಬೇಡಿ’ ಅಂದರೆ ಸಾಲದು. ತುಕ್ಕು ಕಬ್ಬಿಣದ್ದು. ತಾಮ್ರಕ್ಕೆ ತುಕ್ಕು ಹಿಡಿಯಲ್ಲ ಅಲ್ವಾ ಅಂತ ಯಾರಾದರೂ ತಾಮ್ರದ ತಂಬಿಗೆಯಲ್ಲೇ ನೀರು ಸುರಿದರೆ? ತಾಮ್ರದ ನೀರು ಮೈಗೆ ಒಳ್ಳೆಯದು ಅನ್ನುವ ನಂಬಿಕೆ ಬೇರೆ ಮನೆಮನೆಯಲ್ಲೂ ಇದೆ. ಆದರೆ ಆ ತೊಟ್ಟಿಗೆ ದೊಡ್ಡ ಅಪಾಯ ತಾಮ್ರದ್ದೇ. ಸಮುದ್ರದ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ತಾಮ್ರವನ್ನೇ ಔಷಧಿಯಾಗಿ ಕೊಡುತ್ತಾರೆ, ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು, ಅದೂ ಮೀನನ್ನು ಬೇರೆ ತೊಟ್ಟಿಗೆ ಹಾಕಿ. ಮೀನು ತಡೆದುಕೊಳ್ಳುವ ಅಷ್ಟೇ ತಾಮ್ರ ಹವಳ, ಸೀಗಡಿ, ಬಸವನಹುಳುಗಳನ್ನು ಕೊಂದುಬಿಡುತ್ತದೆ. ಹಿತ್ತಾಳೆ, ಕಂಚು ಕೂಡ ಬೇಡ, ಎರಡರಲ್ಲೂ ಇರುವುದು ತಾಮ್ರವೇ.

‘ಸ್ಟೀಲ್’ ಅಂತ ಬರೆದರೂ ತೊಂದರೆ. ಹೊಳೆಯುವುದೆಲ್ಲ ನಮಗೆ ಸ್ಟೀಲ್. ಸಮುದ್ರದ ನೀರಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅದರಲ್ಲಿ ಮುಳುಗಿಸಿಟ್ಟರೆ 304 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೂ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಮಾಲಿಬ್ಡಿನಂ ಅನ್ನುವ ಲೋಹ ಸೇರಿಸಿದ 316 ದರ್ಜೆಯದು ಇನ್ನಷ್ಟು ತಡೆಯುತ್ತದೆ, ಆದರೂ ಪೂರ್ತಿ ನಂಬುವ ಹಾಗಿಲ್ಲ. ಟೈಟೇನಿಯಂ ಆದರೆ ಚಿಂತೆಯಿಲ್ಲ. ತೊಟ್ಟಿಯ ಗಾಜು ಒರೆಸುವ ಮ್ಯಾಗ್ನೆಟ್ಟಿನ ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಒಳಗಿನ ಲೋಹಕ್ಕೆ ನೀರು ತಾಗುತ್ತದೆ, ಅದನ್ನು ಹೊರಗೆ ತೆಗೆಯಲೇಬೇಕು.

ಈಗ ಪದಗಳ ವಿಷಯ. ನಮ್ಮ ಕಡೆ ತುಕ್ಕಿಗಿಂತ ‘ಜಂಗು’ ಜಾಸ್ತಿ ಕೇಳುತ್ತದೆ, ಪಾರಸಿಯಿಂದ ಬಂದ ಮಾತು, ಅದೂ ಕಬ್ಬಿಣಕ್ಕೇ. ತಾಮ್ರ ಹಿತ್ತಾಳೆಗೆ ‘ಕಿಲುಬು’ ಇದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ‘ಕಿಲುಬ ಹತ್ತೇತಿ, ಚೆಲ್ರಿ’ ಅನ್ನುತ್ತಾರಲ್ಲ, ಅದೇ. ಒಳ್ಳೆ ಪದ. ಆದರೆ ಕಿಲುಬು ಅಂದರೆ ಹಸಿರಾಗಿ ಕಾಣಬೇಕು ಇಲ್ಲವೇ ನಾಲಿಗೆಗೆ ತಿಳಿಯಬೇಕು. ತೊಟ್ಟಿಯ ನೀರು ತಿಳಿಯಾಗೇ ಇರುತ್ತದೆ, ಹವಳ ಮಾತ್ರ ಮುದುಡಿಕೊಳ್ಳುತ್ತದೆ. ‘ಸೋರಿಕೆ’ ಅಂತ ಬರೆದರೆ ತೊಟ್ಟಿಯೇ ಒಡೆದಿದೆ ಅಂತ ಓಡಿ ಬಂದಾರು!

ನನಗೆ ತೋಚಿದ್ದು ‘ಬಿಡು’. ಹೊಸ ಸೀರೆ ಬಣ್ಣ ಬಿಡುವ ಹಾಗೆ ಪಾತ್ರೆ ತಾಮ್ರ ಬಿಡುತ್ತದೆ. ‘ನೀರಿಗೆ ಲೋಹ ಬಿಡುವ ಯಾವ ವಸ್ತುವೂ ಬೇಡ, ಅದಕ್ಕೆ ಜಂಗು ಹಿಡಿಯದಿದ್ದರೂ ಬೇಡ’ ಅಂತ ಸದ್ಯಕ್ಕೆ ಬರೆದಿದ್ದೇನೆ. ತಮ್ಮನಿಗೆ ‘ನೀರಿಗೆ ತಾಮ್ರ ಇಳಿಯುತ್ತದೆ’ ಅನ್ನುವುದೇ ಸರಿ ಅನ್ನಿಸಿದೆ. ನನಗೆ ಅದು ಯಾಕೋ ಕಷಾಯದ ಮಾತು ಅನ್ನಿಸುತ್ತದೆ.

ಬಾಗಲಕೋಟೆ, ವಿಜಯಪುರದವರು ಹೇಳಿ, ಕಲಾಯಿ ಹಾಕುವವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಕೇಳಿದ್ದೀರಾ? ‘ಜಂಗು’ ತಾಮ್ರಕ್ಕೂ ಅನ್ನುವ ಊರು ಇದೆಯಾ? ಇದ್ದರೆ ಚೀಟಿಯ ಆ ಸಾಲು ತಿದ್ದಬೇಕಾಗುತ್ತದೆ.