ಸಹಾಯ ಬೇಕು: ಪಾಲಿಪ್ ಮತ್ತೆ ಬೆಳೆದಿದೆ, ಇಂಜೆಕ್ಷನ್ನಾ ಆಪರೇಷನ್ನಾ?

ಅಣ್ಣನಿಗೆ ಸೈನಸ್ ಉರಿಯೂತ, ಮೂಗಲ್ಲಿ ಪಾಲಿಪ್ (ಒಳಪದರದಲ್ಲಿ ಬೆಳೆಯುವ ಮೆತ್ತನೆ ಗಡ್ಡೆ). ಆಪರೇಷನ್ ಆಗಿ ಎರಡೇ ವರ್ಷಕ್ಕೆ ಮತ್ತೆ ಬೆಳೆದಿದೆ. ದಿನಾ ಉಪ್ಪುನೀರಲ್ಲಿ ಮೂಗು ತೊಳೆಯುತ್ತಾನೆ, ಸ್ಟಿರಾಯ್ಡ್ ಸ್ಪ್ರೇ ಬಿಟ್ಟಿಲ್ಲ. ಮಾತ್ರೆ ತಗೊಂಡರೆ ಸ್ವಲ್ಪ ದಿನ ವಾಸನೆ ತಿಳಿಯುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಮೊನ್ನೆ ಒಲೆ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆ ವಾಸನೆ. ಪಕ್ಕದ ಕೋಣೆಯಲ್ಲಿದ್ದ ಅವನಿಗೆ ಗೊತ್ತೇ ಆಗಲಿಲ್ಲ. ತುಂಬಾ ಸಂಕಟವಾಯಿತು.

ಡಾಕ್ಟರು ಈಗ ಡುಪಿಲುಮ್ಯಾಬ್ ಹೇಳಿದ್ದಾರೆ. ಎರಡು ವಾರಕ್ಕೊಂದು ಇಂಜೆಕ್ಷನ್. ಉರಿಯೂತ ಎಬ್ಬಿಸುವ ಐಎಲ್-4, ಐಎಲ್-13 ಎಂಬ ಪ್ರೋಟೀನ್‌ಗಳ ಸಂಕೇತಗಳನ್ನೇ ಇದು ತಡೆಯುತ್ತದೆ. ಅಮೆರಿಕದಲ್ಲಿ 2019ರಲ್ಲೇ ಪಾಲಿಪ್‌ಗೆ ಒಪ್ಪಿಗೆ ಸಿಕ್ಕಿದೆ. ಆದರೆ ಪ್ರಯೋಗದಲ್ಲಿ 24 ವಾರಕ್ಕೆ ನಿಲ್ಲಿಸಿದವರಿಗೆ ಗುಣ ಕಡಿಮೆಯಾಗುತ್ತಾ ಬಂತು ಎಂದು ಓದಿದೆ. ನನ್ನ ಗೊಂದಲ ಅಲ್ಲೇ.

ಇದನ್ನು ತಗೊಂಡವರು ಹೇಳಿ: ಇಂಜೆಕ್ಷನ್ ನಡುವಿನ ಅಂತರ ಜಾಸ್ತಿ ಮಾಡಿದಾಗ ಅಥವಾ ನಿಲ್ಲಿಸಿದಾಗ ಪಾಲಿಪ್ ಮತ್ತೆ ಬಂತಾ? ಎರಡನೇ ಆಪರೇಷನ್ ಮೊದಲು ಮಾಡಿಸಿದ್ದರೆ ಒಳ್ಳೆಯದಿತ್ತು ಅನ್ನಿಸಿತಾ?